ಹೊಗೆಗೂ ಕೆಲಸ ಕೊಟ್ಟೆವು

ಜೀಪಿನ ಎಂಜಿನ್ನಿಗೆ ಟರ್ಬೊ ಹಾಕಿದ್ದೇವೆ ಎಂದರೆ ಸುಗಟೂರಿನ ಸುತ್ತಮುತ್ತ ಯಾರೂ ಮೊದಲಿಗೆ ನಂಬುವುದಿಲ್ಲ. ನಂಬಿದ ಮೇಲೆ ಕೇಳುವ ಪ್ರಶ್ನೆ ಒಂದೇ: 'ಯಾರು ಹಾಕ್ಕೊಟ್ರು?'

ಯಾರೂ ಹಾಕಿಕೊಡಲಿಲ್ಲ. ಕೇರಿಯ ಹುಣಸೆಮರದ ಕೆಳಗೆ ಎರಡು ಕಲ್ಲುಚಪ್ಪಡಿ, ಒಂದು ಚೈನ್ ಬ್ಲಾಕು, ಎರವಲು ತಂದ ವೆಲ್ಡಿಂಗ್ ಮಿಷನ್ನು ಇಟ್ಟುಕೊಂಡು ನಾವೇ ಹಾಕಿದೆವು. ನಾವು ಎಂದರೆ ನಾಲ್ಕು ಜನ. ಬೋರ್‌ವೆಲ್ ರಿಗ್ಗಿನಲ್ಲಿ ಇಪ್ಪತ್ತು ವರ್ಷ ದುಡಿದು ಮನೆ ಸೇರಿದ ದೊಡ್ಡಪ್ಪ, ನರಸಾಪುರದ ಕಡೆ ಗುತ್ತಿಗೆ ಕೆಲಸಕ್ಕೆ ಹೋಗುವ ತಮ್ಮ, ಟೊಮ್ಯಾಟೊ ಬಾಕ್ಸು ಸಾಗಿಸುವ ಭಾವ, ಮತ್ತೆ ಇದನ್ನು ಬರೆಯಲು ಕೂತಿರುವ ಮೇಷ್ಟ್ರು. ನಾಲ್ವರ ಪರವಾಗಿ ಒಬ್ಬರು ಬರೆಯುತ್ತಿರುವುದರಿಂದ ಇಲ್ಲಿ 'ನಾನು' ಇಲ್ಲ.

ತಮ್ಮ ಹದಿನಾಲ್ಕನೇ ವಯಸ್ಸಿಗೆ ಪಟ್ಟಣದ ಒಂದು ಗ್ಯಾರೇಜಿಗೆ ಸೇರಿದ್ದ. ಮೂರು ವರ್ಷ ಅವನ ಕೆಲಸ ನೆಲ ಗುಡಿಸುವುದು, ಬೋಲ್ಟು ನಟ್ಟು ಡೀಸೆಲಿನಲ್ಲಿ ತೊಳೆಯುವುದು, ಟೀ ತರುವುದು. ತಂದ ಟೀ ಅವನಿಗೆ ಬೇರೆ ಲೋಟದಲ್ಲಿ. ಎಂಜಿನ್ನಿನ ಹೆಡ್ಡು ಬಿಚ್ಚಿದಾಗ ಹತ್ತಿರ ಹೋದರೆ 'ಮುಟ್ಟಬೇಡ ಕಣೋ, ಪಂಪಿನ ಸೆಟ್ಟಿಂಗ್ ಹೋಗ್ತದೆ' ಎನ್ನುತ್ತಿದ್ದರಂತೆ. ಸೆಟ್ಟಿಂಗ್ ಹೋಗುತ್ತದೋ ಇನ್ನೇನು ಹೋಗುತ್ತದೋ! ಈಗ ಅವನು ದಿನಕ್ಕೆ ಎಂಟು ಗಂಟೆ ಬೆಲ್ಟಿನ ಪಕ್ಕ ನಿಂತು ನಾಲ್ಕೇ ನಾಲ್ಕು ಸ್ಕ್ರೂ ತಿರುಗಿಸುತ್ತಾನೆ. ಮುಂದಿನ ಸ್ಕ್ರೂ ಮುಂದಿನವನದು. ಪೂರ್ತಿ ವಸ್ತು ಹೇಗೆ ಓಡುತ್ತದೆ ಎನ್ನುವುದು ಅವನಿಗೂ ತಿಳಿಯದು, ಆ ಮುಂದಿನವನಿಗೂ ತಿಳಿಯದು. ಒಂದು ಭಾನುವಾರ ಬಂದು ಅವನೇ ಅಂದ: 'ಅಣ್ಣಾ, ಒಂದ್ಸಲ ಒಂದು ಎಂಜಿನ್ನು ಪೂರ್ತಿ ಬಿಚ್ಚಿ ಪೂರ್ತಿ ಕಟ್ಟಬೇಕು.' ಟರ್ಬೊ ವಿಚಾರ ಆಮೇಲೆ ಬಂತು.

ಜೀಪು ಭಾವನದು. ಹಳೇ ಮಹೀಂದ್ರ. ಒಳಗಿರುವುದು ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನ್ನು, ಎಕ್ಸ್‌ಡಿಪಿ 4.90. ಹೆಸರಿನಲ್ಲೇ ಲೆಕ್ಕ ಇದೆ: ನಾಲ್ಕು ಸಿಲಿಂಡರು, ಒಂದೊಂದರ ಬಾಯಿ 90 ಮಿಲಿಮೀಟರು. ನಾಲ್ಕೂ ಸೇರಿ 2,112 ಸಿ.ಸಿ. ಹದಿನೈದು ಕೆ.ಜಿ.ಯ ಟೊಮ್ಯಾಟೊ ಬಾಕ್ಸು ಅರವತ್ತು ಹೇರಿದರೆ ಸಣ್ಣ ದಿಬ್ಬಕ್ಕೂ ಎರಡನೇ ಗೇರು. ಹಿಂದೆ ಕರೀ ಹೊಗೆ. ಕೋಲಾರದ ಮಾರುಕಟ್ಟೆಗೆ ಅರ್ಧ ಗಂಟೆ ತಡವಾಗಿ ಹೋದರೆ ಹರಾಜು ಎಲ್ಲಿಗೆ ಇಳಿದಿರುತ್ತದೆ ಎನ್ನುವುದನ್ನು ಟೊಮ್ಯಾಟೊ ಬೆಳೆದವರನ್ನು ಕೇಳಬೇಕು.

ಆ ಕರೀ ಹೊಗೆಯೇ ನಮ್ಮ ಮೊದಲ ಪಾಠ. ಗಾಳಿ ಸಾಲದೆ ಅರ್ಧಂಬರ್ಧ ಉರಿದ ಡೀಸೆಲ್ ಅದು. ಒಲೆಯಲ್ಲಿ ಹಸಿ ಸೌದೆ ತುರುಕಿ ಊದುಕೊಳವೆ ಇಲ್ಲದಿದ್ದರೆ ಏನಾಗುತ್ತದೋ ಅದೇ. ಶಾಲೆಯ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆವು. ನಾಲ್ಕು ಹೊಡೆತದ ಎಂಜಿನ್ನು ಎರಡು ಸುತ್ತಿಗೆ ಒಂದು ಸಲ ಉಸಿರೆಳೆಯುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ 1,500 ಉಸಿರು. ಒಂದು ಉಸಿರಿಗೆ 2.112 ಲೀಟರಿನಂತೆ ನಿಮಿಷಕ್ಕೆ ಹೆಚ್ಚೆಂದರೆ 3,168 ಲೀಟರು ಗಾಳಿ. ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಏಳೆಂಟು ಲೀಟರು ಸಾಕು. ಅಂದರೆ ಈ ಒಂದು ಜೀಪು ನಾನೂರು ಜನರ ಉಸಿರು ಕೇಳುತ್ತದೆ, ಇಡೀ ಕೇರಿಯದು! ಅಷ್ಟನ್ನೂ ಅದು ಪಡೆಯುವುದಿಲ್ಲ. ಫಿಲ್ಟರು, ವಾಲ್ವು, ಕೊಳವೆಯ ತಿರುವು ಎಲ್ಲವೂ ಸುಂಕ ಹಿಡಿಯುತ್ತವೆ. ಮೇಲಾಗಿ ಕೋಲಾರ ಸೀಮೆ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿಯ ಗಾಳಿ ನೂರಕ್ಕೆ ಏಳೆಂಟರಷ್ಟು ತೆಳು. ಮದರಾಸಿನಲ್ಲಿ ಎಳೆದ ಭಾರವನ್ನು ಅದೇ ಎಂಜಿನ್ನು ಇಲ್ಲಿ ಎಳೆಯಲಾರದು.

ಇನ್ನೊಂದು ಕಡೆ ದಂಡ ನೋಡಿ. ಸುಟ್ಟ ಡೀಸೆಲಿನ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಚಕ್ರಕ್ಕೆ ದುಡಿಯುತ್ತದೆ. ಮತ್ತೊಂದು ಪಾಲು ರೇಡಿಯೇಟರಿನ ನೀರಿಗೆ. ಇನ್ನೊಂದು ಪಾಲು ಸೈಲೆನ್ಸರಿನಿಂದ ಬೀದಿಗೆ. ಬೀದಿಗೆ ಎಸೆದ ಈ ಪಾಲನ್ನು ಹಿಡಿದು ದುಡಿಸಿಕೊಳ್ಳಬಹುದು ಎಂದು 1905ರಲ್ಲೇ ಪೇಟೆಂಟು ಪಡೆದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. ಒಂದೇ ಕಡ್ಡಿಯ ಎರಡು ತುದಿಗೆ ಎರಡು ಚಕ್ರ. ಒಂದನ್ನು ಹೊರಗೆ ಹೋಗುವ ಬಿಸಿ ಹೊಗೆ ತಿರುಗಿಸುತ್ತದೆ. ಕಡ್ಡಿ ತಿರುಗಿದಾಗ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಟರ್ಬೊ ಎಂದರೆ ಇಷ್ಟೇ. ಆದರೆ ಆ ಕಡ್ಡಿ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ, ಎಣ್ಣೆಯ ತೆಳುಪೊರೆಯ ಮೇಲೆ ತೇಲಿಕೊಂಡು.

ಗಾಳಿ ಒತ್ತಿ ತುಂಬುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಬಂತು ಎಂದು ಪಾಠಪುಸ್ತಕದಲ್ಲಿ ಓದಿಸುತ್ತೇವೆ. ನೆಲದಡಿಯಲ್ಲಿ ಕಲ್ಲು ಕೊರೆದದ್ದು ಕೊಳವೆಗಳಲ್ಲಿ ಕಳಿಸಿದ ಒತ್ತಿದ ಗಾಳಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಆ ಡ್ರಿಲ್ಲು ಹಿಡಿದವರು ಯಾವ ಕೇರಿಗಳಿಂದ ಬಂದವರು, ಆ ಕಲ್ಲುಪುಡಿ ಯಾರ ಶ್ವಾಸಕೋಶದಲ್ಲಿ ಕೂತಿತು ಎನ್ನುವುದು ಪಾಠಪುಸ್ತಕದಲ್ಲಿ ಇಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಷ್ಟರಲ್ಲಿ ಬೋರ್‌ವೆಲ್ಲು ಬಂದಿತ್ತು. ಕೆರೆ ಒಣಗಿ, ಬಾವಿ ಒಣಗಿ, ಇನ್ನೂರು ಅಡಿ ಸಾವಿರ ಅಡಿಯಾಗಿ, ತಿರುಚೆಂಗೋಡಿನ ರಿಗ್ ಲಾರಿಗಳು ರಾತ್ರಿಯೆಲ್ಲಾ ನಮ್ಮ ಹೊಲಗಳಲ್ಲಿ ಕೂಗಿದವು. ಅಲ್ಲೂ ಅದೇ ಒತ್ತಿದ ಗಾಳಿ, ಅದೇ ಪುಡಿ. ಅಂಥ ಒಂದು ರಿಗ್ಗಿನ ಕಂಪ್ರೆಸರಿನ ಪಕ್ಕ ಮಲಗೆದ್ದು ದೊಡ್ಡಪ್ಪ ಟರ್ಬೊ ಕಲಿತದ್ದು. ಬರೀ ಸದ್ದು ಕೇಳಿ 'ಸೀಲು ಹೋಗ್ತಾ ಐತೆ' ಅನ್ನುತ್ತಾರೆ. ಅವರಿಗೆ ಬರುವ ಅಕ್ಷರ ಎಂದರೆ ಅವರ ಸಹಿ.

ಪೆಟ್ರೋಲ್ ಕಾರಿಗೆ ಟರ್ಬೊ ಹಾಕುವ ಸಿಟಿ ಹುಡುಗರ ಮಾತು ಬೇರೆ. ಪೆಟ್ರೋಲು ಗಾಳಿಯ ಜೊತೆ ಮೊದಲೇ ಬೆರೆತಿರುತ್ತದೆ. ಅತಿಯಾಗಿ ಒತ್ತಿದರೆ ಕಿಡಿಗೆ ಕಾಯದೆ ತಾನೇ ಸಿಡಿಯುತ್ತದೆ, ಪಿಸ್ಟನ್ನು ಒಡೆಯುತ್ತದೆ. ಅದಕ್ಕೆ ಕಂಪ್ರೆಷನ್ ತಗ್ಗಿಸಬೇಕು, ಕಿಡಿಯ ಹೊತ್ತು ಬದಲಿಸಬೇಕು, ಗಟ್ಟಿ ಪಿಸ್ಟನ್ನು ತರಬೇಕು. ಡೀಸೆಲ್ಲಿನಲ್ಲಿ ಸಿಲಿಂಡರು ಒತ್ತುವುದು ಬರೀ ಗಾಳಿಯನ್ನು. ಆದ್ದರಿಂದ ಒಂದಿಷ್ಟು ಹೆಚ್ಚು ಗಾಳಿ ಕೊಟ್ಟರೆ ಅದು ತಡೆದುಕೊಳ್ಳುತ್ತದೆ. ನಮಗೆ ಧೈರ್ಯ ಕೊಟ್ಟ ಇನ್ನೊಂದು ಸಂಗತಿ, ಇದೇ ವಂಶದ 2,304 ಸಿ.ಸಿ. ಎಂಜಿನ್ನಿಗೆ ಪ್ಯೂಜೊದವರೇ ಟರ್ಬೊ ಕೂರಿಸಿ 1979ರಲ್ಲಿ ತಮ್ಮ 604 ಕಾರಿನಲ್ಲಿ ಮಾರಿದ್ದರು. ಅಣ್ಣನಿಗೆ ಒಗ್ಗಿದ್ದು ತಮ್ಮನಿಗೆ ಒಂದಷ್ಟಾದರೂ ಒಗ್ಗೀತು.

ಟರ್ಬೊ ಸಿಕ್ಕಿದ್ದು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ. ನಾಲ್ಕು ಅಂಗಡಿ ಅಲೆದೆವು. ದೊಡ್ಡಪ್ಪ ಒಂದೊಂದರ ಕಡ್ಡಿಯನ್ನೂ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಅಕ್ಕಪಕ್ಕ ಕೂದಲೆಳೆಯಷ್ಟು ಆಡಿದರೆ ಚಿಂತೆಯಿಲ್ಲ, ಎಣ್ಣೆ ಬಂದಾಗ ತುಂಬಿಕೊಳ್ಳುತ್ತದೆ. ಹಿಂದೆಮುಂದೆ ಆಡಿದರೆ ಅದು ಸತ್ತ ಮಾಲು. ಗಾತ್ರದ ಲೆಕ್ಕವೂ ಉಂಟು. ಲಾರಿಯ ದೊಡ್ಡ ಟರ್ಬೊ ತಂದರೆ ನಮ್ಮ ಸಣ್ಣ ಎಂಜಿನ್ನಿನ ಹೊಗೆಗೆ ಅದು ಏಳುವುದೇ ಇಲ್ಲ. ತೀರಾ ಸಣ್ಣದು ತಂದರೆ ವೇಗ ಏರಿದ ಹಾಗೆ ಹೊಗೆಗೆ ದಾರಿ ಸಾಲದೆ ಉಸಿರು ಕಟ್ಟುತ್ತದೆ. ಹೆಚ್ಚು ಕಡಿಮೆ ಅಷ್ಟೇ ಸಿ.ಸಿ.ಯ ಡೀಸೆಲ್ ಗಾಡಿಯಿಂದ ಬಿಚ್ಚಿದ್ದನ್ನು ಆರಿಸಿದೆವು.

ಎಂಜಿನ್ನು ಬಿಚ್ಚಿ ಬೋರು ಅಳೆದು, ಹೊಸ ರಿಂಗು, ಹೊಸ ಬೇರಿಂಗು ಹಾಕಿದೆವು. ಹೆಡ್ಡನ್ನು ಲೇತಿನವರ ಹತ್ತಿರ ಸಮತಟ್ಟು ಮಾಡಿಸಿದೆವು. ಇದು ಯಾರಾದರೂ ಮಾಡುವ ಕೆಲಸ. ಹೊತ್ತು ತಿಂದದ್ದು ಮ್ಯಾನಿಫೋಲ್ಡು. ನಾಲ್ಕು ಸಿಲಿಂಡರಿನ ಹೊಗೆಯನ್ನು ಒಂದುಗೂಡಿಸಿ ಟರ್ಬೊದ ಬಾಯಿಗೆ ತರುವ ಈ ಕೊಳವೆ ಕೆಂಪಗೆ ಕಾಯುತ್ತದೆ, ಹಿಗ್ಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ. ತೆಳು ತಗಡು ಬಿರುಕು ಬಿಡುತ್ತದೆ. ದಪ್ಪ ಕಬ್ಬಿಣದ ಕೊಳವೆ, 12 ಮಿಲಿಮೀಟರಿನ ಪಟ್ಟಿ ತಂದೆವು. ವೆಲ್ಡಿನ ಕಾವಿಗೆ ಪಟ್ಟಿ ಸೊಟ್ಟಗಾಗುತ್ತದೆಂದು ಗುಜರಿಯ ಹಳೇ ಹೆಡ್ಡೊಂದಕ್ಕೆ ಬೋಲ್ಟು ಬಿಗಿದು, ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು ಮತ್ತೆ ಹಾಕಿದೆವು. ಹನ್ನೊಂದು ಸಂಜೆ ಹಿಡಿಯಿತು.

ಗ್ಯಾಸ್ಕೆಟ್ಟಿನ ಮಾತನ್ನು ಬಿಡುವಂತಿಲ್ಲ. ನೀರಿಗೂ ಎಣ್ಣೆಗೂ ಬೇಕಾದ ಕಾಗದದ ಗ್ಯಾಸ್ಕೆಟ್ಟುಗಳನ್ನು ದೊಡ್ಡಪ್ಪನೇ ಕತ್ತರಿಸಿದರು. ಹಾಳೆಯನ್ನು ಲೋಹದ ಮೇಲೆ ಹಾಸಿ, ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋದರೆ ಅಂಚೇ ಹಾಳೆಯನ್ನು ಕೊಯ್ಯುತ್ತದೆ. ಸ್ಕೇಲು ಬೇಡ, ಪೆನ್ಸಿಲ್ಲು ಬೇಡ. ನೋಡುತ್ತಾ ಕೂತಿದ್ದ ಅಜ್ಜಿ ಅಂದಳು: 'ನಿಮ್ಮ ತಾತನೂ ಇಂಗೇ ತಟ್ತಿದ್ದ.' ತಾತ ತಟ್ಟುತ್ತಿದ್ದದ್ದು ತೊಗಲನ್ನು. ಕಪಿಲೆಗೆ ಬಾನಿ ಹೊಲಿಯುತ್ತಿದ್ದವನು ಅವನು. ಊರಿನ ಅಷ್ಟೂ ಬಾವಿಗಳ ನೀರು ಅವನು ಹೊಲಿದ ತೊಗಲಿನಲ್ಲಿ ಮೇಲೆ ಬಂದು ಅವರ ಗದ್ದೆಗೆ ಹರಿಯಿತು. ಅದೇ ಬಾವಿಯ ಕಟ್ಟೆಯನ್ನು ಅವನು ಹತ್ತುವಂತಿರಲಿಲ್ಲ. ಹನಿ ಸೋರದಂತೆ ಎರಡು ಅಂಚು ಕೂಡಿಸುವುದು ಒಂದು ವಿದ್ಯೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅದಕ್ಕೆ ಒಂದು ಹೆಸರಿದೆ, ನಮ್ಮ ಮನೆಯಲ್ಲಿ ಅದಕ್ಕೆ ಜಾತಿಯ ಹೆಸರು ಇಟ್ಟಿದ್ದರು.

ಆಮೇಲೆ ಎಣ್ಣೆ. ಟರ್ಬೊಗೆ ಎಣ್ಣೆ ಹೋಗುವ ದಾರಿ ಸಣ್ಣದಿರಬಹುದು, ಒತ್ತಡ ತಳ್ಳುತ್ತದೆ. ವಾಪಸು ಬರುವ ದಾರಿ ದೊಡ್ಡದಿರಬೇಕು, ಇಳಿಜಾರಾಗಿರಬೇಕು. ಯಾಕೆಂದರೆ ಅಲ್ಲಿ ತಳ್ಳುವವರಿಲ್ಲ, ತಾನಾಗಿ ಇಳಿಯಬೇಕು. ಹೋಗುವ ದಾರಿಯನ್ನು ಆಯಿಲ್ ಪ್ರೆಷರಿನ ಜಾಗದಿಂದ ಕವಲು ಮಾಡಿದೆವು, ವಾಪಸಿನದನ್ನು ನೇರ ಸಂಪಿಗೆ ಬಿಟ್ಟೆವು. ಎಂಜಿನ್ನು ಜೋರಾಗಿ ದುಡಿದ ಮೇಲೆ ತಕ್ಷಣ ಆರಿಸಬಾರದು. ಎಣ್ಣೆ ನಿಂತುಹೋಗಿ ಕಾದ ಕಡ್ಡಿಯ ಮೇಲೆ ಸೀದು ಕರಿಕಾಗುತ್ತದೆ. ಎರಡು ನಿಮಿಷ ಮೆಲ್ಲಗೆ ಓಡಬೇಕು. ತಮ್ಮ ಒಂದು ಸಲ ಕೀಲಿಗೆ ಕೈ ಹಾಕಿದಾಗ ದೊಡ್ಡಪ್ಪ ಗದರಿದರು: 'ಓಡಿ ಬಂದ ಎತ್ತನ್ನ ತಕ್ಷಣ ಕಟ್ಟಾಕ್ತೀಯೇನ್ಲಾ? ಒಸಿ ಅಡ್ಡಾಡಿಸು.'

ಗಾಳಿಯ ಒತ್ತಡವನ್ನು ಅರ್ಧ ಬಾರ್‌ಗೆ ನಿಲ್ಲಿಸಿದ್ದೇವೆ. ಜೀಪಿನ ಟೈರಿಗೆ 30 ಪೌಂಡು ಹೊಡೆಸುತ್ತೇವಲ್ಲ, ಅದರ ಕಾಲು ಭಾಗ ಅಷ್ಟೆ. ಅದಕ್ಕಿಂತ ಮೇಲೆ ಹೋದರೆ ಒಂದು ಸಣ್ಣ ಬಾಗಿಲು ತೆರೆದು ಹೊಗೆ ಚಕ್ರವನ್ನು ತಪ್ಪಿಸಿ ಹೊರಗೆ ಹೋಗುತ್ತದೆ. ಗಾಳಿ ಹೆಚ್ಚಿದ ಮೇಲೆ ಡೀಸೆಲ್ಲೂ ಕೊಂಚ ಹೆಚ್ಚಬೇಕು. ಅದು ಪಂಪಿನ ಕೆಲಸ. ನಮ್ಮ ಕಡೆ ಡೀಸೆಲ್ ಪಂಪಿಗೆಲ್ಲಾ ಮೈಕೋ ಎಂದೇ ಹೆಸರು. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಜನರ ಬಾಯಲ್ಲಿ ಮೈಕೋ ಮೈಕೋವೇ. ಸ್ಕ್ರೂ ಕಾಲು ಸುತ್ತು ತಿರುಗಿಸುವುದು, ಭಾರ ಹೇರಿ ಹೊಗೆ ನೋಡುವುದು, ಟರ್ಬೊದ ಬಾಯಲ್ಲಿ ಕೂರಿಸಿದ ಶಾಖಮಾಪಕ 700 ಡಿಗ್ರಿ ಮುಟ್ಟುವ ಮುಂಚೆ ನಿಲ್ಲಿಸುವುದು. ಕಾಲು ಸುತ್ತು ತಿರುಗಿಸಿದವನು ತಮ್ಮ. ಪಂಪು ಮುಟ್ಟಬೇಡ ಅನ್ನಿಸಿಕೊಂಡಿದ್ದವನೇ. ಸೆಟ್ಟಿಂಗ್ ಹೋಗಲಿಲ್ಲ.

ಮೊದಲ ದಿನ ಅರವತ್ತು ಬಾಕ್ಸು ಹೇರಿ ಹೊಲದ ದಿಬ್ಬ ಹತ್ತಿಸಿದೆವು. ಮೂರನೇ ಗೇರಿನಲ್ಲೇ ಹತ್ತಿತು. ಹಿಂದೆ ನಿಂತು ನೋಡಿದವರಿಗೆ ಹೊಗೆ ಬೂದಿಬಣ್ಣದ ಎಳೆಯಷ್ಟೇ ಕಂಡಿತು. ಮಕ್ಕಳು ಸೀಟಿ ಸದ್ದು ಕೇಳಿ ಆಂಬುಲೆನ್ಸು ಬಂತೆಂದು ಓಡಿ ಬಂದರು.

ಇನ್ನು ರಸ್ತೆಯ ವಿಚಾರ. ನಾವು ಶುರುಮಾಡುವ ಮೊದಲೇ ಕಾನೂನು ಓದಿದ್ದೆವು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಾಯಿತು.

ಹುಣಸೆಮರದ ಕೆಳಗೆ ಇದರ ಮೇಲೆ ಜಗಳವೇ ಆಯಿತು.

'ಬಾನೆಟ್ ತೆಗ್ದು ಯಾರು ನೋಡ್ತಾರೆ ಬಿಡು ದೊಡ್ಡಪ್ಪಾ. ದುಡ್ಡಿದ್ದೋರು ಲಕ್ಷ ಲಕ್ಷ ಸುರಿದು ಕಾರು ಕೂಗಿಸ್ಕೊಂಡು ನಂದಿಬೆಟ್ಟಕ್ಕೆ ಹೋಗಲ್ವಾ?'

'ಅವರು ಗುದ್ದಿದ್ರೆ ವಕೀಲ ಬತ್ತಾನೆ. ನೀನು ಗುದ್ದಿದ್ರೆ ಯಾರು ಬತ್ತಾರೆ? ಇನ್ಸೂರೆನ್ಸಿನವನೂ ಬರಲ್ಲ. ಹಿಂದೆ ಕೂತಿರೋರು ನಮ್ಮ ಹೆಣ್ಮಕ್ಕಳು ಕಣಪ್ಪಾ, ಬಾಕ್ಸಲ್ಲ.'

ಭಾವ ಇನ್ನೊಂದು ಮಾತು ಸೇರಿಸಿದ. ಓಡುವ ಶಕ್ತಿ ಹೆಚ್ಚಿಸಿದ್ದೇವೆ, ನಿಲ್ಲುವ ಶಕ್ತಿ ಹಳೆಯದೇ. ಬ್ರೇಕು ಆ ಕಾಲದ ಡ್ರಮ್ಮು.

ಕಾನೂನು ತಪ್ಪೆಂದು ನಾವು ಹೇಳುತ್ತಿಲ್ಲ. ಕಂಡಕಂಡವರು ಕಂಡಂತೆ ಕಟ್ಟಿದ ಗಾಡಿ ರಸ್ತೆಗೆ ಬಂದರೆ ಮೊದಲು ಸಾಯುವವರು ನಡೆದು ಹೋಗುವ ಜನ, ಎಂದರೆ ನಾವೇ. ಆದರೆ ಒಂದು ಕೇಳುತ್ತೇವೆ. ಗ್ಯಾಸ್ ಕಿಟ್ಟು ಕೂರಿಸಲು ಒಪ್ಪಿಗೆಯ ದಾರಿ ಇದೆ. ದೊಡ್ಡ ಕಂಪನಿಗೆ ಹೊಸ ಎಂಜಿನ್ನು ಪರೀಕ್ಷೆ ಮಾಡಿಸಲು ಪುಣೆಯಲ್ಲಿ ಸಂಸ್ಥೆ ಇದೆ. ಹುಣಸೆಮರದ ಕೆಳಗೆ ಕಟ್ಟಿದ ಒಂದೇ ಒಂದು ಎಂಜಿನ್ನನ್ನು ತಂದು 'ಸ್ವಾಮಿ, ಪರೀಕ್ಷೆ ಮಾಡಿ, ಫೇಲಾದರೆ ಫೇಲು ಅನ್ನಿ' ಎನ್ನಲು ನಮ್ಮ ಜಿಲ್ಲೆಯಲ್ಲಿ ಬಾಗಿಲು ಎಲ್ಲಿದೆ? ಐ.ಟಿ.ಐ. ಹುಡುಗರು ಎಲ್ಲಿಗೆ ಹೋಗಿ ತಮ್ಮ ಕೈ ತೋರಿಸಬೇಕು?

ಸದ್ಯಕ್ಕೆ ಜೀಪು ರಸ್ತೆಗೆ ಇಳಿದಿಲ್ಲ. ನಮ್ಮ ಎರಡೆಕರೆಯೊಳಗೆ ಓಡಾಡುತ್ತದೆ, ಬಾಕ್ಸುಗಳನ್ನು ಹೊಲದಿಂದ ಬೇಲಿಯ ತನಕ ತಂದು ಬಾಡಿಗೆ ಟೆಂಪೊಗೆ ಒಪ್ಪಿಸುತ್ತದೆ. ತೋಟದ ಯಜಮಾನರೊಬ್ಬರು ಬಂದು ತಮ್ಮ ಗಾಡಿಗೂ ಒಂದು ಹಾಕಿಕೊಡಿ, ಕೂಲಿ ಎಷ್ಟಾದರೂ ಆಗಲಿ ಎಂದರು. ಕಾನೂನಿನ ಮಾತು ಹೇಳಿ ಕಳಿಸಿದೆವು. ಹೋಗುವಾಗ ಅಜ್ಜಿ ಕೊಟ್ಟ ಟೀ ಕುಡಿದರು, ನಮ್ಮ ಲೋಟದಲ್ಲೇ. ಎಂಜಿನ್ನು ನೋಡುತ್ತಾ ಮರೆತು ಕುಡಿದರೋ, ತಿಳಿದೇ ಕುಡಿದರೋ ಹೇಳಲಾರೆವು.

ಹೊಲದಲ್ಲಿ ಕಿಲೋಮೀಟರು ಏರುವುದಿಲ್ಲವಾದ್ದರಿಂದ ಗಂಟೆ ಬರೆದಿಡುತ್ತಿದ್ದೇವೆ. ಹೈಸ್ಕೂಲಿನ ಇಬ್ಬರು ಹುಡುಗಿಯರು ಅದಕ್ಕೊಂದು ನೋಟ್‌ಬುಕ್ ಇಟ್ಟಿದ್ದಾರೆ: ಓಡಿದ ಗಂಟೆ, ಹೇರಿದ ಭಾರ, ಕುಡಿದ ಡೀಸೆಲ್, ಹೊಗೆಯ ಬಣ್ಣ. ಇವತ್ತಿಗೆ 62 ಗಂಟೆ. ಹೆಡ್ ಬೋಲ್ಟುಗಳನ್ನು ಎರಡು ಸಲ ಬಿಗಿದಾಗಿದೆ. ಮ್ಯಾನಿಫೋಲ್ಡಿನ ಮೂರನೇ ಕೊಳವೆಯ ಬುಡದಲ್ಲಿ ಉಗುರಿನುದ್ದದ ಒಂದು ಗೆರೆ ಕಾಣುತ್ತಿದೆ. ಬಿರುಕೋ, ಬರೀ ಮಸಿಯೋ, ಭಾನುವಾರ ತಮ್ಮ ಬಂದ ಮೇಲೆ ಬಿಚ್ಚಿ ನೋಡಬೇಕು.