ಒಣಕೆಮ್ಮು ಮತ್ತು ಜೇನುತುಪ್ಪ

ನಮ್ಮ ಅಣ್ಣನ ಮಗನಿಗೆ ಹಾಜ್ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಇದೆಯೆಂದು ತಿಳಿದಾಗ ಅವನ ವಯಸ್ಸು 26. ಹದಿನೈದು ದಿನಗಳಿಗೊಮ್ಮೆ ಕೀಮೋ ನಡೆಯಿತು. ಕತ್ತಿನ ಗಡ್ಡೆಗಳು ಕರಗಿದವು. ಕೂದಲು ಉದುರುವುದಕ್ಕೂ ವಾಂತಿಗೂ ನಾವು ಸಿದ್ಧರಾಗಿದ್ದೆವು. ಶ್ವಾಸಕೋಶದ ಯೋಚನೆ ಮಾತ್ರ ನಮಗೆ ಬಂದಿರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಒಣಕೆಮ್ಮು ಆರಂಭವಾಯಿತು. ಕಫವಿಲ್ಲ, ಜ್ವರವಿಲ್ಲ. ಹವೆಯ ಬದಲಾವಣೆ ಎಂದುಕೊಂಡು ಜೇನುತುಪ್ಪದಲ್ಲಿ ಕರಿಜೀರಿಗೆ ಕಲಸಿ ಕೊಟ್ಟವರು ನಾವೇ. ಮದ್ರಸದಲ್ಲಿ ಕಲಿಸುವವರೆಂಬ ಕಾರಣಕ್ಕೆ ಮನೆಯಲ್ಲಿ ನಮ್ಮ ಮಾತಿಗೆ ಎದುರಾಡುವವರಿಲ್ಲ. ಹೀಗೆ ಮೂರು ವಾರ ಕಳೆದವು. ಒಂದು ಸಂಜೆ ಮಗ್ರಿಬ್ ನಮಾಝಿನಲ್ಲಿ ಪಕ್ಕದಲ್ಲಿದ್ದ ಅವನು ಸಜ್ದಾದಿಂದ ಎದ್ದೊಡನೆ ಏದುಸಿರು ಬಿಡತೊಡಗಿದ.

"ಎಷ್ಟು ದಿನಗಳಿಂದ ಹೀಗೆ?" ಎಂದೆವು.

"ತುಂಬಾ ದಿನವಾಯಿತು ಚಾಚಾ. ಹೇಳಿದರೆ ಕೀಮೋ ನಿಲ್ಲಿಸಿಬಿಡುತ್ತಾರೆಂದು ಹೆದರಿದೆ."

ಮರುದಿನವೇ ಆಸ್ಪತ್ರೆಗೆ ಹೋದೆವು. ಸಿ.ಟಿ. ಸ್ಕ್ಯಾನ್ ಹಾಗೂ ಉಸಿರಾಟದ ಪರೀಕ್ಷೆಗಳ ಬಳಿಕ ವೈದ್ಯರು ಬ್ಲಿಯೋಮೈಸಿನ್ ಎಂಬ ಔಷಧದ ಹೆಸರು ಹೇಳಿದರು. 1960ರ ದಶಕದಲ್ಲಿ ಜಪಾನಿನ ಹಮಾವೊ ಉಮೆಝಾವಾ ಅವರು ಸೂಕ್ಷ್ಮಾಣುವೊಂದರಿಂದ ಪಡೆದ ಔಷಧವಿದು, ಎ.ಬಿ.ವಿ.ಡಿ. ಎಂಬ ಚಿಕಿತ್ಸೆಯ ನಾಲ್ಕು ಔಷಧಗಳಲ್ಲಿ ಒಂದು. ಇದನ್ನು ನಿಷ್ಕ್ರಿಯಗೊಳಿಸುವ ಕಿಣ್ವ ದೇಹದ ಬಹುತೇಕ ಅಂಗಗಳಲ್ಲಿದೆ, ಆದರೆ ಶ್ವಾಸಕೋಶದಲ್ಲೂ ಚರ್ಮದಲ್ಲೂ ತೀರ ಕಡಿಮೆ. ಆದ್ದರಿಂದ ಪೆಟ್ಟು ಅಲ್ಲಿ ಬೀಳುತ್ತದೆ. ಮೊದಲು ಉರಿಯೂತ, ಅದು ಮುಂದುವರಿದರೆ ಶ್ವಾಸಕೋಶವು ಗಡುಸಾಗಿ, ಮತ್ತೆ ಮೊದಲಿನಂತಾಗದೆ ಉಳಿಯಬಹುದು. ವಯಸ್ಸಾದವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ, ಧೂಮಪಾನಿಗಳಿಗೆ ಅಪಾಯ ಹೆಚ್ಚು. ನಮ್ಮ ಹುಡುಗ ಇವರಲ್ಲಿ ಯಾರೂ ಅಲ್ಲ. ಆದರೂ ಬಂತು.

ಜೇನುತುಪ್ಪದ ವಿಷಯವನ್ನು ನಾವು ತಲೆತಗ್ಗಿಸಿಕೊಂಡೇ ಹೇಳಿದೆವು. "ಕೊಟ್ಟದ್ದು ತಪ್ಪಲ್ಲ ಉಸ್ತಾದರೇ, ಕೆಮ್ಮನ್ನು ನಮಗೆ ಹೇಳದಿದ್ದುದು ತಪ್ಪು" ಎಂದರು ವೈದ್ಯರು. ಅವರು ಗದರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ಹುಡುಗ ಹೆದರಿದಂತೆ ಚಿಕಿತ್ಸೆ ನಿಲ್ಲಲೂ ಇಲ್ಲ. ಬ್ಲಿಯೋಮೈಸಿನ್ ಒಂದನ್ನು ಕೈಬಿಟ್ಟು, ಸ್ಟೀರಾಯ್ಡ್ ಕೊಟ್ಟು, ಉಳಿದ ಮೂರು ಔಷಧಗಳನ್ನು ಮುಂದುವರಿಸಿದರು. ಎರಡು ಸುತ್ತಿನ ನಂತರದ ಪೆಟ್ ಸ್ಕ್ಯಾನ್ ಶುಭ್ರವಾಗಿದ್ದವರಲ್ಲಿ ಹೀಗೆ ಕೈಬಿಟ್ಟರೂ ರೋಗದ ಹತೋಟಿ ಅಷ್ಟೇನೂ ಕುಂದುವುದಿಲ್ಲವೆಂದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆಯಂತೆ. ಇವನ ಸ್ಕ್ಯಾನ್ ಶುಭ್ರವಾಗಿಯೇ ಇತ್ತು, ಅಲ್‌ಹಮ್ದುಲಿಲ್ಲಾಹ್. ಯಾವ ಭಯಕ್ಕಾಗಿ ಅವನು ಅಷ್ಟು ದಿನ ಉಸಿರು ಬಚ್ಚಿಟ್ಟನೋ ಆ ಭಯಕ್ಕೆ ಬುಡವೇ ಇರಲಿಲ್ಲ.

ಮುಂದೆ ಯಾವ ಶಸ್ತ್ರಚಿಕಿತ್ಸೆಯಾದರೂ, ಅರಿವಳಿಕೆ ಕೊಡುವ ವೈದ್ಯರಿಗೆ ಈ ಔಷಧದ ಹೆಸರನ್ನು ಮೊದಲೇ ತಿಳಿಸಬೇಕು. ಅಧಿಕ ಪ್ರಮಾಣದ ಆಮ್ಲಜನಕವೂ ಇಂಥ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದು. ಅದನ್ನು ಚೀಟಿಯಲ್ಲಿ ಬರೆದು ಅವನ ಪರ್ಸಿನಲ್ಲಿ ಇಟ್ಟಿದ್ದೇವೆ. ಮಸೀದಿಯ ಮೆಟ್ಟಿಲುಗಳ ನಡುವೆ ಅವನು ಈಗಲೂ ಒಮ್ಮೆ ನಿಲ್ಲುತ್ತಾನೆ. ನಾವೂ ನಿಲ್ಲುತ್ತೇವೆ.