ಪಾವಗಡದ ಐದೂರಿನ ಬಿಸಿಲು

ಕರ್ನಾಟಕದ ನಕ್ಷೆಯನ್ನು ಕೈಯಿಂದ ಬಿಡಿಸಲು ಕೂರುವ ಮಕ್ಕಳು ತಪ್ಪದೆ ತಡವರಿಸುವ ಜಾಗವೊಂದಿದೆ. ತುಮಕೂರು ಜಿಲ್ಲೆಯ ಉತ್ತರ ತುದಿಯಲ್ಲಿ, ಆಂಧ್ರದ ಒಡಲಿಗೆ ಕೈ ಚಾಚಿದಂತಿರುವ ಒಂದು ತುಂಡು ನೆಲ. ಅದೇ ಪಾವಗಡ ತಾಲ್ಲೂಕು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಮಾರ್ಗವಾಗಿ ಬಸ್ಸಿನಲ್ಲಿ ಹೊರಟರೆ ನಡುವೆ ಆಂಧ್ರದ ಸೀಮೆಯನ್ನು ಹಾದು ಮತ್ತೆ ಕರ್ನಾಟಕವನ್ನು ಸೇರಬೇಕು. ತನ್ನ ಜಿಲ್ಲಾ ಕೇಂದ್ರಕ್ಕೆ ಹೋಗಲು ಪರರಾಜ್ಯ ದಾಟಬೇಕಾದ ಇಂಥ ತಾಲ್ಲೂಕುಗಳು ನಮ್ಮಲ್ಲಿ ಬಲು ಅಪರೂಪ. ಇಲ್ಲಿನ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಅಕ್ಕಪಕ್ಕ ಕುಳಿತು ಊಟ ಮಾಡುತ್ತವೆ.

ಪಾವಗಡ ಎಂದೊಡನೆ ಹಿರಿಯರಿಗೆ ನೆನಪಾಗುವುದು ಶನಿಮಹಾತ್ಮನ ದೇವಸ್ಥಾನ, ಊರ ಬೆನ್ನಿಗಿರುವ ಕೋಟೆಬೆಟ್ಟ, ಶೇಂಗಾ ಬೆಳೆ ಮತ್ತು ಬರ. ಪಶ್ಚಿಮ ಘಟ್ಟಗಳು ಮುಂಗಾರು ಮೋಡಗಳನ್ನು ತಡೆದು ಹಿಂಡಿಕೊಂಡ ಮೇಲೆ ಈ ಕಡೆಗೆ ಉಳಿಯುವುದು ಒಣಗಾಳಿ. ಇದಕ್ಕೆ ಮಳೆನೆರಳಿನ ಪ್ರದೇಶವೆಂದು ಹೆಸರು. ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿತು. ಹಲ್ಲು ಕಂದು ಬಣ್ಣಕ್ಕೆ ತಿರುಗುವ, ಮೂಳೆ ಸೆಡೆಯುವ ಕಾಯಿಲೆಗೆ ಈ ತಾಲ್ಲೂಕು ಕುಖ್ಯಾತವಾಯಿತು. ಹೊಲ ನಂಬಿ ಕೂರಲಾಗದೆ ಜನ ಬೆಂಗಳೂರಿಗೆ ಕೂಲಿಗೆ ಹೊರಟರು. ಇಲ್ಲಿ ಧಾರಾಳವಾಗಿ ಸಿಗುತ್ತಿದ್ದುದು ಒಂದೇ: ಬಿಸಿಲು.

ಆ ಬಿಸಿಲೇ ಈಗ ಇಲ್ಲಿಯ ಬೆಳೆ. ಪಾವಗಡದಿಂದ ನಾಗಲಮಡಿಕೆ ಹೋಬಳಿಯ ತಿರುಮಣಿಯ ಕಡೆಗೆ ಹೊರಟವರಿಗೆ ಮೊದಲು ಎದುರಾಗುವುದು ಮಾಮೂಲು ಬಯಲುಸೀಮೆ: ಕೆಂಪು ಮಣ್ಣು, ಜಾಲಿ ಗಿಡ, ಬಂಡೆಗುಡ್ಡ, ಅಲ್ಲಲ್ಲಿ ಕುರಿಮಂದೆ. ಆಮೇಲೆ ಇದ್ದಕ್ಕಿದ್ದಂತೆ ದೂರದಲ್ಲಿ ಕೆರೆ ತುಂಬಿದಂತೆ ಒಂದು ನೀಲಿ ಹರವು. ಈ ಸೀಮೆಯಲ್ಲಿ ಇಷ್ಟು ನೀರೇ ಎಂದು ಹೊಸಬರು ಬೆರಗಾಗಬೇಕು! ಹತ್ತಿರ ಹೋದರೆ ಅದು ನೀರಲ್ಲ, ಗಾಜು. ಸಾಲು ಸಾಲಾಗಿ ಆಕಾಶಕ್ಕೆ ಮುಖವೊಡ್ಡಿ ನಿಂತ ಸೌರ ಫಲಕಗಳು. ರಸ್ತೆಯ ಆ ಬದಿಯೂ ಅವೇ, ಈ ಬದಿಯೂ ಅವೇ.

ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚರ್ಲು, ಕ್ಯಾತಗಾನಚರ್ಲು. ಒಂದಕ್ಕೊಂದು ಹೊಂದಿಕೊಂಡ ಈ ಐದು ಊರುಗಳ ಸುಮಾರು 13,000 ಎಕರೆ ಹೊಲಗಳ ಮೇಲೆ ಎದ್ದು ನಿಂತದ್ದು ಪಾವಗಡದ ಸೌರ ಪಾರ್ಕು. ಸಾಮರ್ಥ್ಯ 2,050 ಮೆಗಾವಾಟ್. ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಸೇರಿ 2015ರಲ್ಲಿ ಕಟ್ಟಿದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಇದರ ಹೊಣೆ ಹೊತ್ತಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ ಪೂರ್ಣ ಸಾಮರ್ಥ್ಯ ಮುಟ್ಟಿತು. ಜಗತ್ತಿನ ಅತಿ ದೊಡ್ಡ ಸೌರ ಪಾರ್ಕುಗಳ ಪಟ್ಟಿಯಲ್ಲಿ ಪಾವಗಡದ ಹೆಸರು ಸೇರಿದ್ದು ಹೀಗೆ.

ದೊಡ್ಡದು ಎಂಬ ಹೆಗ್ಗಳಿಕೆ ಬಹಳ ಕಾಲ ಉಳಿಯುವಂಥದ್ದಲ್ಲ. ರಾಜಸ್ಥಾನದ ಭಡ್ಲಾ ಇದನ್ನು ಮೀರಿಸಿಯಾಯಿತು. ಪಾವಗಡದಲ್ಲಿ ನಿಜವಾಗಿ ನೋಡತಕ್ಕದ್ದು ಬೇರೆಯೇ ಇದೆ. ಅದು ಜಮೀನಿನ ಒಪ್ಪಂದ. ಸಾಮಾನ್ಯವಾಗಿ ಅಣೆಕಟ್ಟು, ಕಾರ್ಖಾನೆ, ಗಣಿ ಯಾವುದೇ ಬರಲಿ, ಸರ್ಕಾರ ಜಮೀನನ್ನು ಸ್ವಾಧೀನಪಡಿಸಿಕೊಳ್ಳುತ್ತದೆ. ರೈತನ ಕೈಗೆ ಒಮ್ಮೆ ಹಣ ಬರುತ್ತದೆ, ಹೊಲ ಶಾಶ್ವತವಾಗಿ ಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಎರಡು ಸಾವಿರಕ್ಕೂ ಮೀರಿದ ರೈತರು ಹೊಲವನ್ನು ಮಾರದೆ, ಕಾಲು ಶತಮಾನದಷ್ಟು ದೀರ್ಘ ಅವಧಿಗೆ ಗುತ್ತಿಗೆ ಕೊಟ್ಟರು. ಪಹಣಿಯಲ್ಲಿ ಹೆಸರು ಅವರದೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ. ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಮಳೆ ಬಂದರೂ ಸರಿ, ಬಾರದಿದ್ದರೂ ಸರಿ.

ಈಗ ಒಂದು ಪ್ರಶ್ನೆ. ಇದನ್ನು ತಿರುಮಣಿಯೊಂದೇ ಮಾಡಬಹುದಿತ್ತೇ? ಲೆಕ್ಕ ಹಾಕಿ ನೋಡಿ. 2,050 ಮೆಗಾವಾಟಿಗೆ 13,000 ಎಕರೆಯೆಂದರೆ ಒಂದು ಮೆಗಾವಾಟಿಗೆ ಆರು ಎಕರೆಗೂ ಸ್ವಲ್ಪ ಹೆಚ್ಚು. ಅದೂ ಒಂದೇ ಕಡೆ ಬೇಕು. ನಡುವೆ ನಾಲ್ಕು ಜನ ಒಪ್ಪದೆ ಉಳಿದರೆ ಕೇಬಲ್ಲು, ರಸ್ತೆ, ಉಪಕೇಂದ್ರ ಎಲ್ಲವೂ ಸುತ್ತು ಬಳಸಬೇಕು. ಉತ್ಪತ್ತಿಯಾದ ವಿದ್ಯುತ್ತನ್ನು ದೂರಕ್ಕೆ ಸಾಗಿಸಲು 400 ಕಿಲೋವೋಲ್ಟಿನ ಕೇಂದ್ರ ಬೇಕು. ಅಂಥ ಕೇಂದ್ರವನ್ನು ಒಂದು ಹಳ್ಳಿಯ ಹತ್ತಿಪ್ಪತ್ತು ಹೊಲಗಳಿಗಾಗಿ ಯಾರೂ ಕಟ್ಟುವುದಿಲ್ಲ. ಐದೂರಿನ ಬದುಗಳು ಒಂದಾದಾಗಲೇ ಅದು ಬಂದದ್ದು. ಹನಿಗೂಡಿದರೆ ಹಳ್ಳ ಎನ್ನುವ ಮಾತು ನೀರಿಗಷ್ಟೇ ಅಲ್ಲ, ಬಿಸಿಲಿಗೂ ಸಲ್ಲುತ್ತದೆ.

ಫಲಕದೊಳಗೆ ನಡೆಯುವುದೇನೆಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಬೆಳಕಿನ ಕಣವಾದ ಫೋಟಾನ್ ಸಿಲಿಕಾನ್ ಪದರದ ಮೇಲೆ ಬಿದ್ದಾಗ ಅಲ್ಲಿನ ಎಲೆಕ್ಟ್ರಾನು ತನ್ನ ಸ್ಥಾನ ಬಿಟ್ಟು ಹೊರಡುತ್ತದೆ. ಎರಡು ಬಗೆಯ ಸಿಲಿಕಾನು ಸೇರುವ ಗಡಿಯಲ್ಲಿರುವ ವಿದ್ಯುತ್ ಕ್ಷೇತ್ರ ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಹಾಗೆ ಹರಿದ ಏಕಮುಖ ವಿದ್ಯುತ್ತನ್ನು ಇನ್‌ವರ್ಟರು ಪರ್ಯಾಯ ವಿದ್ಯುತ್ತಾಗಿ ಬದಲಿಸುತ್ತದೆ. ಉರಿಯಿಲ್ಲ, ಹೊಗೆಯಿಲ್ಲ, ತಿರುಗುವ ಚಕ್ರವೂ ಇಲ್ಲ. ಒಂದು ವಿಚಿತ್ರ ಗಮನಿಸಿ: ಫಲಕಕ್ಕೆ ಬೇಕಾದದ್ದು ಬೆಳಕೇ ಹೊರತು ಶಾಖವಲ್ಲ. ಫಲಕದ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಅದರ ಶಕ್ತಿ ಶೇಕಡಾ 0.4ರ ಆಸುಪಾಸು ಕುಗ್ಗುತ್ತದೆ. ಆದ್ದರಿಂದ ಏಪ್ರಿಲ್‌ನ ಉರಿ ಮಧ್ಯಾಹ್ನಕ್ಕಿಂತ ಗಾಳಿಯಾಡುವ ತಿಳಿ ಆಕಾಶದ ದಿನವೇ ಫಲಕಕ್ಕೆ ಹಿತ. ದೂಳು ಕೂತರೆ ಮತ್ತೆ ನಷ್ಟ. ತೊಳೆಯಲು ಅಥವಾ ಒರೆಸಲು ಕೈಗಳು ಬೇಕು.

ಉತ್ಪತ್ತಿಯ ಅಂದಾಜನ್ನು ಮನೆಯಲ್ಲೇ ಮಾಡಬಹುದು. ಬೆಳಗಿನಿಂದ ಸಂಜೆಯವರೆಗಿನ ಬಿಸಿಲನ್ನೆಲ್ಲ ಒಟ್ಟುಮಾಡಿದರೆ ಪೂರ್ಣ ಶಕ್ತಿಯಲ್ಲಿ ದಿನಕ್ಕೆ ಸರಾಸರಿ ಐದು ಗಂಟೆ ನಡೆದಂತೆ ಎಂದಿಟ್ಟುಕೊಳ್ಳಿ. 2,050 ಮೆಗಾವಾಟಿಗೆ ದಿನಕ್ಕೆ ಒಂದು ಕೋಟಿ ಎರಡೂವರೆ ಲಕ್ಷ ಯೂನಿಟ್ಟು. ತಿಂಗಳಿಗೆ 100 ಯೂನಿಟ್ಟು ಬಳಸುವ ಸುಮಾರು 30 ಲಕ್ಷ ಮನೆಗಳಿಗೆ ಸಾಕು. ಕಲ್ಲಿದ್ದಲು ಸುಟ್ಟು ಇದೇ ವಿದ್ಯುತ್ತನ್ನು ಮಾಡಿದರೆ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಅಂದರೆ ದಿನಕ್ಕೆ ಸುಮಾರು ಹತ್ತು ಸಾವಿರ ಟನ್ನು! ಕೈಗಾರಿಕಾ ಕ್ರಾಂತಿಗೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದ ಈ ಅನಿಲ ಈಗ 420ನ್ನು ದಾಟಿದೆ. ಭೂಮಿ ಕಾದಷ್ಟೂ ಮಳೆ ಲಹರಿಗೆ ಬಿದ್ದಂತೆ ಬರುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಪಾವಗಡದಂಥ ಒಣನೆಲಕ್ಕೇ. ಬರದಿಂದ ನೊಂದ ಊರುಗಳೇ ಬರವನ್ನು ಹೆಚ್ಚಿಸುವ ಹೊಗೆಗೆ ಎದುರು ನಿಂತಿವೆ ಎನ್ನಬಹುದು.

ಸಂಜೆ ಆರರ ನಂತರ ಏನು ಗತಿ? ಫಲಕಗಳು ಮಲಗುತ್ತವೆ, ಆದರೆ ಮನೆಗಳಲ್ಲಿ ದೀಪ ಹತ್ತುವುದು ಆಗಲೇ. ಹೊರೆ ಹೊರಲು ಆಗ ಮುಂದಾಗುವವು ಬೇರೆ ಊರುಗಳು. 1,035 ಮೆಗಾವಾಟಿನ ಶರಾವತಿ ಕೇಂದ್ರದಂಥ ಜಲವಿದ್ಯುತ್ ಸ್ಥಾವರಗಳು ನಿಮಿಷಗಳಲ್ಲಿ ಚಾಲನೆ ಪಡೆಯಬಲ್ಲವು. ಹಗಲು ಬಿಸಿಲಿನ ವಿದ್ಯುತ್ತು ಬಂದಷ್ಟೂ ಅಣೆಕಟ್ಟಿನ ನೀರನ್ನು ಸಂಜೆಗೆಂದು ಉಳಿಸಿಡಬಹುದು. ಮಲೆನಾಡಿನ ಮಳೆ, ಬಯಲುಸೀಮೆಯ ಬಿಸಿಲು ಒಂದಕ್ಕೊಂದು ಹೆಗಲು ಕೊಡುವ ಈ ಏರ್ಪಾಡು ತಂತಿಯ ಮೂಲಕ ನಡೆಯುವ ನೆರೆಹೊರೆ.

ಇಲ್ಲಿಯವರೆಗೆ ಎಲ್ಲವೂ ಚೆಂದ. ಆದರೆ ತಿರುಮಣಿಯ ಬೀದಿಯಲ್ಲಿ ಅರ್ಧ ದಿನ ಕೂತರೆ ಇನ್ನೊಂದು ಲೆಕ್ಕವೂ ಕಿವಿಗೆ ಬೀಳುತ್ತದೆ. ಹತ್ತು ಎಕರೆ ಇದ್ದವನಿಗೆ ವರ್ಷಕ್ಕೆ ಎರಡು ಲಕ್ಷದ ಮೇಲೆ. ಎರಡು ಎಕರೆಯವನಿಗೆ ನಲವತ್ತೆರಡು ಸಾವಿರ. ಹೊಲವೇ ಇಲ್ಲದವನಿಗೆ? ಸೊನ್ನೆ. ಶೇಂಗಾ ಬಿತ್ತುವಾಗ, ಕಳೆ ಕೀಳುವಾಗ, ಕಾಯಿ ಬಿಡಿಸುವಾಗ ಪರರ ಹೊಲದಲ್ಲಿ ಕೂಲಿ ಪಡೆಯುತ್ತಿದ್ದವರು ಇವರೇ. ಹೊಲ ಫಲಕದಡಿ ಹೋದ ಮೇಲೆ ಆ ಕೂಲಿಯೂ ಹೋಯಿತು. ಕುರಿ ಮೇಯಿಸುವವರಿಗೆ ಬಯಲಿಗೆ ಬದಲಾಗಿ ಬೇಲಿ ಸಿಕ್ಕಿತು. ಫಲಕ ಒರೆಸುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ಬಂದವು. ಆದರೆ ಪಾರ್ಕು ಕಟ್ಟುವಾಗ ಬೇಕಾದಷ್ಟು ಜನ ನಡೆಸುವಾಗ ಬೇಕಾಗುವುದಿಲ್ಲ.

ಬಾಡಿಗೆಯ ಲೆಕ್ಕವನ್ನೂ ಒಮ್ಮೆ ಒರೆಗೆ ಹಚ್ಚಬೇಕು. ಎರಡು ವರ್ಷಕ್ಕೆ ಶೇಕಡಾ 5 ಎಂದರೆ ವರ್ಷಕ್ಕೆ ಎರಡೂವರೆಯೂ ಪೂರ್ತಿ ಆಗದು. ಹತ್ತು ವರ್ಷದಲ್ಲಿ 21,000 ರೂಪಾಯಿ ಸುಮಾರು 26,800 ಆಗುತ್ತದೆ. ಅಕ್ಕಿ, ಬೇಳೆ, ಶಾಲಾ ಶುಲ್ಕ ಇಷ್ಟು ನಿಧಾನವಾಗಿ ಏರುತ್ತವೆಯೇ ಎಂಬುದನ್ನು ತಾಯಂದಿರೇ ಹೇಳಲಿ. ಬರದ ವರ್ಷದಲ್ಲಿ ವರವಾಗಿ ಕಂಡ ಮೊತ್ತ ಇಪ್ಪತ್ತನೆಯ ವರ್ಷದಲ್ಲಿ ಕಿರಿದಾಗಿ ಕಾಣಬಹುದು.

ಹೀಗೆಂದು ಪಾರ್ಕು ಬೇಡವಿತ್ತು ಎಂದು ಹೇಳಲಾಗದು. ಬಾಡಿಗೆ ಬಂದ ಮೇಲೆ ಸಾಲ ತೀರಿಸಿದವರಿದ್ದಾರೆ, ಮಕ್ಕಳನ್ನು ಓದಲು ಕಳಿಸಿದವರಿದ್ದಾರೆ. ಕೊರತೆ ಇರುವುದು ಹಂಚಿಕೆಯಲ್ಲಿ. ಊರುಗಳು ಕೊಟ್ಟದ್ದು ನೆಲ, ಪಡೆದದ್ದು ಬಾಡಿಗೆ. ಫಲಕದ ಒಡೆತನ, ವಿದ್ಯುತ್ತಿನ ಲಾಭ ಕಂಪನಿಗಳದ್ದು.

ಇದಕ್ಕೆ ಬೇರೆ ದಾರಿ ಇದೆಯೇ? ದೂರದ ಡೆನ್ಮಾರ್ಕಿನ ಸ್ಯಾಮ್ಸೊ ಎಂಬ ದ್ವೀಪದಲ್ಲಿ ಇಪ್ಪತ್ತೆರಡು ಹಳ್ಳಿಗಳಿವೆ. ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. 1997ರಲ್ಲಿ ಅಲ್ಲಿಯ ಸರ್ಕಾರ ನಡೆಸಿದ ಸ್ಪರ್ಧೆಯೊಂದರಲ್ಲಿ ಗೆದ್ದು, ತಮಗೆ ಬೇಕಾದ ಶಕ್ತಿಯನ್ನೆಲ್ಲ ಗಾಳಿ, ಹುಲ್ಲು, ಬಿಸಿಲಿನಿಂದ ಪಡೆಯುವ ಕೆಲಸಕ್ಕೆ ಅವರು ಕೈಹಾಕಿದರು. ನೆಲದ ಮೇಲೆ 11, ಕಡಲಿನಲ್ಲಿ 10 ಗಾಳಿಯಂತ್ರಗಳು ಎದ್ದವು. ಬ್ಯಾಲೆನ್, ಬ್ರುಂಡ್‌ಬಿ ಎಂಬ ನೆರೆಯ ಹಳ್ಳಿಗಳೆರಡು ಸೇರಿ ಹೊಲದ ಹುಲ್ಲು ಉರಿಸಿ ಮನೆ ಬೆಚ್ಚಗಿಡುವ ಒಂದೇ ಸ್ಥಾವರ ಕಟ್ಟಿಕೊಂಡವು. ಮುಖ್ಯ ಸಂಗತಿಯೆಂದರೆ ಗಾಳಿಯಂತ್ರಗಳಲ್ಲಿ ರೈತರದು, ಊರವರದು, ಅಲ್ಲಿನ ಪುರಸಭೆಯದು ಪಾಲು ಇದೆ. ನೆಲವಿಲ್ಲದವನೂ ಷೇರು ಕೊಳ್ಳಬಹುದಿತ್ತು. ತಿರುಗುವ ರೆಕ್ಕೆಯಲ್ಲಿ ತನ್ನ ಪಾಲಿದ್ದರೆ ಅದರ ಸದ್ದು ಯಾರಿಗೂ ಕರ್ಕಶವಾಗದು!

ಡೆನ್ಮಾರ್ಕು ಶ್ರೀಮಂತ ದೇಶ, ನಮಗೆ ಹೋಲಿಕೆ ಸಲ್ಲದು ಎನ್ನುವವರುಂಟು. ಆದರೆ 2019ರಲ್ಲಿ ನಮ್ಮ ಕೇಂದ್ರ ಸರ್ಕಾರ ಆರಂಭಿಸಿದ ಕುಸುಮ್ ಯೋಜನೆಯೇ ರೈತರ ಗುಂಪು, ಸಹಕಾರ ಸಂಘ, ಪಂಚಾಯಿತಿಗಳು ಸೇರಿ ಎರಡು ಮೆಗಾವಾಟಿನವರೆಗಿನ ಸೌರ ಸ್ಥಾವರ ಕಟ್ಟಿ ವಿದ್ಯುತ್ ಮಾರಲು ಅವಕಾಶ ಕೊಟ್ಟಿತು. ಹಾಲಿನ ಸಂಘ ಕಟ್ಟಿ ಹೆಸರು ಮಾಡಿದ ನಾಡು ನಮ್ಮದು. ಒಂದು ಎಮ್ಮೆಯ ಮನೆ, ಹತ್ತು ಎಮ್ಮೆಯ ಮನೆ ಎರಡೂ ಒಂದೇ ಡೇರಿಗೆ ಹಾಲು ಹಾಕುತ್ತವೆ. ಬಿಸಿಲಿಗೂ ಅಂಥದೊಂದು ಡೇರಿ ಏಕಾಗಬಾರದು? ಪಾವಗಡದ ಪಾರ್ಕನ್ನು ವಿಸ್ತರಿಸುವ ಮಾತು ಕೇಳಿಬರುತ್ತಿದೆ. ಮುಂದಿನ ಒಪ್ಪಂದಕ್ಕೆ ಕೂರುವಾಗ ಐದೂರಿನವರೂ ಅಕ್ಕಪಕ್ಕದವರೂ ಬಾಡಿಗೆಯ ಜೊತೆಗೆ ಪಾಲನ್ನೂ ಕೇಳಲಿ. ಹೊಲವಿಲ್ಲದವರ ಹೆಸರನ್ನೂ ಕಾಗದದಲ್ಲಿ ಬರೆಸಲಿ.

ನೋಡಿಬರಲು ಬಯಸುವವರಿಗೆ ಎರಡು ಮಾತು. ತುಮಕೂರಿನಿಂದಲೂ ಬೆಂಗಳೂರಿನಿಂದಲೂ ಪಾವಗಡಕ್ಕೆ ಬಸ್ಸುಗಳಿವೆ. ಬೇಲಿಯೊಳಗೆ ಹೋಗಲು ಅನುಮತಿ ಬೇಕು. ಶಾಲೆಯಿಂದ ಹೋಗುವವರು ಮುಂಚಿತವಾಗಿ ಪತ್ರ ಬರೆಯುವುದು ಲೇಸು. ಅನುಮತಿ ಸಿಗದಿದ್ದರೂ ಚಿಂತೆಯಿಲ್ಲ, ಊರ ರಸ್ತೆಯಿಂದಲೇ ಬಹುಪಾಲು ಕಾಣುತ್ತದೆ. ಚಳಿಗಾಲದ ಬೆಳಗು ಒಳ್ಳೆಯ ಹೊತ್ತು. ಟೊಪ್ಪಿ, ಕುಡಿಯುವ ನೀರು ಮರೆಯಬೇಡಿ. ಹಾಗೆಯೇ ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿಯ ದಡದ ಸುಬ್ರಹ್ಮಣ್ಯ ದೇವಾಲಯವನ್ನೂ ನೋಡಬಹುದು. ಕುಕ್ಕೆ, ಘಾಟಿಗಳ ನಂತರ ಇದನ್ನು ಅಂತ್ಯ ಸುಬ್ರಹ್ಮಣ್ಯವೆಂದು ಜನ ಕರೆಯುತ್ತಾರೆ.

ಮಕ್ಕಳು ಒಂದು ನೋಟ್‌ಪುಸ್ತಕ ಒಯ್ಯಲಿ. ಎಡಗಡೆಯ ಪುಟದಲ್ಲಿ ಮೆಗಾವಾಟು, ಯೂನಿಟ್ಟು, ಉಳಿದ ಕಲ್ಲಿದ್ದಲಿನ ಲೆಕ್ಕ ಬರೆಯಲಿ. ಬಲಗಡೆಯ ಪುಟದಲ್ಲಿ ಯಾರಿಗೆ ಎಷ್ಟು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಊರವರನ್ನು ಕೇಳಿ ಬರೆಯಲಿ. ಎರಡೂ ಪುಟ ತುಂಬಿದರೆ ಮಾತ್ರ ಪಾಠ ಪೂರ್ತಿಯಾದೀತು.