ಬಲ್ಬಿಗೆ ನಾಕು ಸ್ಕ್ವೇರಾ!

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎನ್ನುತ್ತಾರೆ. 12 ವೋಲ್ಟಿನ ಸೋಲಾರ್ ಕಟ್ಟಿಕೊಂಡ ಮನೆಯಲ್ಲಿ ಆ ಸುಂಕದವನು ವೈರು. ಬ್ಯಾಟರಿ ಎಷ್ಟೇ ಹೊಸತಿರಲಿ, ಬಲ್ಬು ಎಷ್ಟೇ ಒಳ್ಳೆಯದಿರಲಿ, ನಡುವೆ ಕೂತ ಈತ ತನ್ನ ಪಾಲು ಮುರಿದುಕೊಂಡೇ ಕರೆಂಟನ್ನು ಮುಂದೆ ಬಿಡುವುದು. ಆದರೆ ಲೆಕ್ಕದಲ್ಲಿ ಮಾತ್ರ ಬಲು ಚೊಕ್ಕ. ದೂರ ಹೆಚ್ಚಿದರೆ ಸುಂಕ ಹೆಚ್ಚು, ಕರೆಂಟು ಹೆಚ್ಚಿದರೆ ಇನ್ನೂ ಹೆಚ್ಚು, ತಾಮ್ರ ದಪ್ಪವಾದರೆ ಕಡಿಮೆ. ವಶೀಲಿ ನಡೆಯುವುದಿಲ್ಲ. ಕೆಲವರು ಪದಬಂಧ ಬಿಡಿಸುತ್ತಾರೆ, ಕೆಲವರು ಇಸ್ಪೀಟು ಹಾಕುತ್ತಾರೆ. ನಾನು ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ವೈರಿನ ದಪ್ಪ ಲೆಕ್ಕ ಹಾಕುತ್ತೇನೆ.

ಮಲೆನಾಡಿನಲ್ಲಿ ಈ ಹುಚ್ಚಿಗೆ ಕೆಲಸ ಕಡಿಮೆಯಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ದಿನಗಟ್ಟಲೆ ಬರುವುದಿಲ್ಲ, ಹಾಗಾಗಿ ಮನೆಮನೆಯಲ್ಲೂ ಮಾಡಿನ ಮೇಲೊಂದು ಪ್ಯಾನೆಲ್ಲು, ಒಳಗೊಂದು ಬ್ಯಾಟರಿ. ಮನೆಗಳೋ ಉದ್ದುದ್ದ. ಜಗಲಿ, ಅಡುಗೆಮನೆ, ಬಚ್ಚಲು, ಅಂಗಳ ದಾಟಿ ಕೊಟ್ಟಿಗೆ. ಬ್ಯಾಟರಿಯ ಪಕ್ಕದ ಬಲ್ಬು ಹೇಗೆ ಹಾಕಿದರೂ ಉರಿಯುತ್ತದೆ. ವೈರಿನ ಗುಣ ಗೊತ್ತಾಗುವುದು ಕೊಟ್ಟಿಗೆಯಲ್ಲಿ.

ಕೊಟ್ಟಿಗೆಗೆ ಬಲ್ಬು, ಸಣ್ಣ ಫ್ಯಾನು ಸೇರಿ 30 ವ್ಯಾಟ್ ಬೇಕು ಅನ್ನಿ. 230 ವೋಲ್ಟಿನಲ್ಲಾದರೆ 0.13 ಆಂಪಿಯರ್, ಯಾವ ವೈರಿಗೂ ಅದು ಭಾರವಲ್ಲ. 12 ವೋಲ್ಟಿನಲ್ಲಿ ಅದೇ 30 ವ್ಯಾಟಿಗೆ ಎರಡೂವರೆ ಆಂಪಿಯರ್ ಹರಿಯಬೇಕು. ಕರೆಂಟು ಹತ್ತೊಂಬತ್ತು ಪಟ್ಟಾಯಿತು, ಅಷ್ಟೇ ತಾನೇ ಅನ್ನಿಸುತ್ತದೆ. ಆದರೆ ಕಳೆಯುವ ವೋಲ್ಟು ಹತ್ತೊಂಬತ್ತು ಪಟ್ಟಾಗುವಾಗಲೇ ಕೈಯಲ್ಲಿರುವ ವೋಲ್ಟು ಹತ್ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಎರಡೂ ಸೇರಿ, ಅದೇ ವೈರಿನಲ್ಲಿ ನಷ್ಟದ ಶೇಕಡಾವಾರು ಸುಮಾರು 367 ಪಟ್ಟು! ಈ ಅಂಕಿಯನ್ನು ಮೊದಲ ಸಲ ಹಾಳೆಯ ಮೇಲೆ ಕಂಡಾಗ ನಾನು ಗುಣಾಕಾರವನ್ನೇ ಮತ್ತೊಮ್ಮೆ ಮಾಡಿ ನೋಡಿದ್ದೆ.

ಒಂದು ಚದರ ಮಿಲಿಮೀಟರ್ (ಅಂಗಡಿಯ ಭಾಷೆಯಲ್ಲಿ ಒಂದು ‘ಸ್ಕ್ವೇರ್’) ದಪ್ಪದ ತಾಮ್ರದ ವೈರು ಮೀಟರಿಗೆ ಸುಮಾರು 0.018 ಓಮ್ ತಡೆಯೊಡ್ಡುತ್ತದೆ. ನೆನಪಿಡಬೇಕಾದ ಅಂಕಿ ಅದೊಂದೇ. ಕೊಟ್ಟಿಗೆ 20 ಮೀಟರ್ ದೂರವಿದ್ದರೆ ಲೆಕ್ಕಕ್ಕೆ ಹಿಡಿಯಬೇಕಾದ್ದು 40. ಪ್ಲಸ್ಸಿನಲ್ಲಿ ಹೋದದ್ದು ಮೈನಸ್ಸಿನಲ್ಲಿ ವಾಪಸು ಬರಬೇಕಲ್ಲ, ಎರಡು ಕಡೆಯೂ ಸುಂಕ. ಒಂದು ಸ್ಕ್ವೇರ್ ವೈರು ಎಳೆದರೆ 1.8 ವೋಲ್ಟ್ ದಾರಿಯಲ್ಲೇ ಹೋಯಿತು. ಸಂಜೆ ಬ್ಯಾಟರಿಯಲ್ಲಿ 12.2 ಇದ್ದರೆ ದನಗಳ ಪಾಲಿಗೆ 10.4. ಒಂದೂವರೆ ಸ್ಕ್ವೇರಿಗೆ 1.2 ವೋಲ್ಟ್ ನಷ್ಟ, ಎರಡೂವರೆಗೆ 0.72, ನಾಲ್ಕಕ್ಕೆ 0.45, ಆರಕ್ಕೆ 0.3. ನೂರಕ್ಕೆ ಮೂರರೊಳಗಿರಲಿ ಎಂಬುದು ರೂಢಿಯ ಮಾತು. ಬರೀ ಬೆಳಕಿಗೆ ಅಷ್ಟು ಮಡಿ ಬೇಕಿಲ್ಲ, ನಾಲ್ಕು ಸ್ಕ್ವೇರ್ ಸಾಕು ಎಂಬುದು ನನ್ನ ತೀರ್ಪು. ಚಾರ್ಜ್ ಕಂಟ್ರೋಲರಿನಿಂದ ಬ್ಯಾಟರಿಗೆ ಹೋಗುವ ತುಂಡಿನಲ್ಲಿ ಮಾತ್ರ ಯಾವ ರಿಯಾಯಿತಿಯೂ ಕೂಡದು. ಹೆಚ್ಚಿನ ಕಂಟ್ರೋಲರುಗಳು ತಮ್ಮ ಬಾಗಿಲಲ್ಲಿ 14.4 ಕಂಡರೆ ಬ್ಯಾಟರಿಯ ಹೊಟ್ಟೆ ತುಂಬಿತೆಂದು ತಿಳಿದು ಕೈ ಹಿಂದೆ ತೆಗೆಯುತ್ತವೆ. ವೈರು ಸಪೂರವಾಗಿದ್ದರೆ ಬ್ಯಾಟರಿಗೆ ದಿನಾ ಅರೆಹೊಟ್ಟೆ.

ಕರೆಂಟಿನ ಮೇಸ್ತ್ರಿಗಳಿಗೆ ಇದನ್ನು ಒಪ್ಪಿಸುವುದು ಕಷ್ಟ. 230 ವೋಲ್ಟಿನಲ್ಲಿ ಪಳಗಿದ ಕೈ ಅವರದು, ವೈರು ಬಿಸಿಯಾಗದಿದ್ದರೆ ಸಾಕು ಎಂಬುದು ಅವರ ಶಾಸ್ತ್ರ. ಎರಡೂವರೆ ಆಂಪಿಯರಿಗೆ ಒಂದು ಸ್ಕ್ವೇರ್ ವೈರು ಬಿಸಿಯಾಗುವುದೇ ಇಲ್ಲ, ಮುಟ್ಟಿದರೆ ತಣ್ಣಗೆ ಸಂಭಾವಿತನ ಹಾಗೆ ಮಲಗಿರುತ್ತದೆ. ಬಲ್ಬು ಮಂಕಾದಾಗ ಬೈಗುಳ ತಿನ್ನುವುದು ಬ್ಯಾಟರಿ. ಕೆಲವು ಎಲ್‌ಇಡಿಗಳು ಮಂಕೂ ಆಗುವುದಿಲ್ಲ. ಒಳಗಿನ ಡ್ರೈವರು ವೋಲ್ಟು ಇಳಿದಷ್ಟೂ ಕರೆಂಟು ಹೆಚ್ಚು ಎಳೆದು ಮಾನ ಉಳಿಸಿಕೊಳ್ಳುತ್ತದೆ. ಕರೆಂಟು ಹೆಚ್ಚಿದ್ದಕ್ಕೆ ಸುಂಕ ಮತ್ತೂ ಏರುತ್ತದೆ.

ಇನ್ನು ಅಂಗಡಿ. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಈ ಸಂಭಾಷಣೆ ತಪ್ಪಿದ್ದಲ್ಲ:

“ನಾಲ್ಕು ಸ್ಕ್ವೇರ್ ಕೊಡಿ.”

“ಎಂತ ಮಾರಾಯ್ರೆ, ಪಂಪು ಇಡ್ತೀರಾ?”

“ಇಲ್ಲ, ಕೊಟ್ಟಿಗೆ ಬಲ್ಬಿಗೆ.”

“ಬಲ್ಬಿಗೆ ನಾಕು ಸ್ಕ್ವೇರಾ!”

ಅವರ ಅಪ್ಪನ ಕಾಲದ ಗಿರಾಕಿಗಳು ಈಗಲೂ ‘ಒಂದು ಹದಿನೆಂಟು’, ‘ಮೂರು ಇಪ್ಪತ್ತೆರಡು’, ‘ಏಳು ಇಪ್ಪತ್ತು’ ಎಂದೇ ಕೇಳುವುದು. ಮೊದಲ ಅಂಕಿ ಎಳೆಗಳದ್ದು, ಎರಡನೆಯದು ಬ್ರಿಟಿಷರ ಗೇಜು. ಗೇಜಿನ ಅಂಕಿ ಏರಿದಷ್ಟೂ ಎಳೆ ಸಪೂರ. ಹಾಗಾಗಿ 3/22 ಎಂದರೆ ಸುಮಾರು 1.2 ಸ್ಕ್ವೇರ್, 7/20 ಎಂದರೆ ಸುಮಾರು 4.6. ನಾನು ‘ಏಳು ಇಪ್ಪತ್ತರ ಹತ್ತಿರದ್ದು’ ಅಂದರೆ ಗಲ್ಲಾದಲ್ಲಿ ಕೂತ ಹಿರಿಯರು ಕೂಡಲೇ ತಲೆದೂಗುತ್ತಾರೆ. ಕಾಯಿಲಿನ ಮೇಲೆ ಐಎಸ್ 694ರ ಗುರುತು ಇದೆಯೇ ನೋಡುತ್ತೇನೆ. ತುದಿಯ ಎಳೆಯನ್ನು ಚಾಕುವಿನಿಂದ ಕೆರೆಯುತ್ತೇನೆ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಅಂಗಿ ತೊಟ್ಟ ಅಲ್ಯೂಮಿನಿಯಂ, ನನ್ನ ಲೆಕ್ಕವೆಲ್ಲ ಅಲ್ಲಿಗೆ ತಲೆಕೆಳಗು.

ತಾಮ್ರದ ರೇಟು ಕೇಳಿ ಎದೆ ಧಸಕ್ಕೆಂದಾಗ ಎಡಿಸನ್ನನ ನೆನಪಾಗುತ್ತದೆ. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಆತ ಹಂಚಿದ್ದು 110 ವೋಲ್ಟಿನ ಡಿಸಿ. ಒಂದು ಮೈಲಿಯಾಚೆ ಒಯ್ಯುವ ಹೊತ್ತಿಗೆ ತಾಮ್ರದ ಖರ್ಚು ಕೈ ಮೀರುತ್ತಿತ್ತು. ಇಪ್ಪತ್ತೇ ವರ್ಷದಲ್ಲಿ, 1902ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿತು, ಹತ್ತಾರು ಸಾವಿರ ವೋಲ್ಟಿಗೆ ಏರಿಸಿದ್ದರಿಂದ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1881ರಲ್ಲೇ ಇದಕ್ಕೊಂದು ಗೃಹಸ್ಥನ ಸೂತ್ರ ಕೊಟ್ಟಿದ್ದ: ವೈರಿಗೆ ಹಾಕಿದ ದುಡ್ಡಿನ ವರ್ಷದ ಬಡ್ಡಿಯೂ ವೈರಿನಲ್ಲಿ ಸೋರಿಹೋದ ವಿದ್ಯುತ್ತಿನ ವರ್ಷದ ಬೆಲೆಯೂ ಸಮವಾಗುವ ದಪ್ಪವೇ ಲಾಭದ ದಪ್ಪ. ಬಡ್ಡಿಯ ಭಾಷೆಯಲ್ಲಿ ಮಾತಾಡುವ ಭೌತವಿಜ್ಞಾನಿಯನ್ನು ಅಡಿಕೆ ಮಂಡಿಯಲ್ಲಿ ವ್ಯವಹರಿಸುವ ನಮ್ಮವರು ಖಂಡಿತ ಮೆಚ್ಚುತ್ತಿದ್ದರು.

ಎಳೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಗ್ಗನ್ನು ಕ್ರಿಂಪ್ ಮಾಡಿ, ಸುತ್ತಿ ಟೇಪು ಹಚ್ಚಬೇಡಿ. ಫ್ಯೂಸು ಬ್ಯಾಟರಿಯ ಪ್ಲಸ್ಸಿನ ಪಕ್ಕದಲ್ಲೇ ಇರಲಿ, ಅದು ಕಾಯುವುದು ಬಲ್ಬನ್ನಲ್ಲ, ವೈರನ್ನು. 12 ವೋಲ್ಟು ಶಾಕು ಹೊಡೆಯುವುದಿಲ್ಲವೆಂದು ಸಲಿಗೆ ಬೇಡ. ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ಕಕ್ಕಿ ವೈರನ್ನು ಸುಡುತ್ತದೆ.

ಸುಖವೆಲ್ಲ ಇರುವುದು ಆಮೇಲಿನ ಹತ್ತು ನಿಮಿಷದಲ್ಲಿ. ಎಲ್ಲ ಹೊತ್ತಿಸಿ ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಹಿಡಿಯುವುದು: 12.41. ಅಂಗಳ ದಾಟಿ ಕೊಟ್ಟಿಗೆಯ ಹೋಲ್ಡರಿನ ಬುಡದಲ್ಲಿ ಹಿಡಿಯುವುದು: 11.95. ಹಾಳೆಯಲ್ಲಿ 0.45 ಅಂದಿತ್ತು, ಇಲ್ಲಿ 0.46. ಆ ನೂರನೇ ಒಂದು ಪಾಲು ಹೋಲ್ಡರಿನದೋ ಮೀಟರಿನದೋ ಎಂದು ಯೋಚಿಸುತ್ತ ನಿಂತರೆ ದನಗಳೂ ನನ್ನನ್ನೇ ನೋಡುತ್ತಿರುತ್ತವೆ.

ಮೊನ್ನೆ ನೆರೆಯವರು ಗೇಟಿಗೂ ಬೆಳಕು ಬೇಕೆಂದು ಬಂದರು. ಹೊಸ ಮನೆ, ಸೋಲಾರ್ ಇನ್ನೂ ಕೂರಿಸಿಲ್ಲ. ಗೇಟು 90 ಮೀಟರ್ ದೂರ, ಬಲ್ಬುಗಳೆಲ್ಲ ಸೇರಿ 10 ವ್ಯಾಟ್. ಎರಡೂವರೆ ಸ್ಕ್ವೇರಿನಲ್ಲಿ ಎರಡು ಇಡೀ ಕಾಯಿಲು ಬಿಚ್ಚಿದರೂ ನೂರಕ್ಕೆ ಒಂಬತ್ತು ನಷ್ಟ. “24 ವೋಲ್ಟ್ ಮಾಡ್ಕೊಳ್ಳಿ, ಭಾವ. ಎರಡು ಬ್ಯಾಟರಿ ಸೀರೀಸಲ್ಲಿ. ಅದೇ ವೈರಲ್ಲಿ ನಷ್ಟ ಕಾಲು ಭಾಗಕ್ಕೆ ಇಳೀತದೆ,” ಅಂದೆ.

“24ರ ಬಲ್ಬು ಎಲ್ಲಿ ಸಿಗ್ತದೆ?”

ದೊಡ್ಡ ಲಾರಿಗಳದ್ದು ಹೆಚ್ಚಾಗಿ 24 ವೋಲ್ಟೇ. ನಾಳೆ ಇಬ್ಬರೂ ಲಾರಿ ಸ್ಪೇರ್ ಪಾರ್ಟಿನ ಅಂಗಡಿಗೆ ಹೋಗುವವರಿದ್ದೇವೆ.